ಫೋರ್ಟ್ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚ್: ಯಾವುದು ಯಾರ ಕಾಲದ್ದು?

ಪ್ರಶ್ನೆ: ಇತಿಹಾಸದ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವವರಿದ್ದೇವೆ. ಪೋರ್ಚುಗೀಸರು, ಡಚ್ಚರು, ಬ್ರಿಟಿಷರು ಮೂವರ ಕಾಲವನ್ನೂ ಕಟ್ಟಡದೊಳಗೆ ನಿಂತೇ ಗುರುತಿಸಿ ತೋರಿಸಬಹುದೇ? ಕಟ್ಟಿದವರು ಕ್ಯಾಥೊಲಿಕರಾದರೂ ಒಳಗೆ ಅದರ ಕುರುಹು ಇಷ್ಟು ಕಡಿಮೆ ಯಾಕೆ?

ಉತ್ತರ 1: ತೋರಿಸಬಹುದು. ಆದರೆ ‘1503ರ ಕಟ್ಟಡ’ ಎಂದು ಶುರುಮಾಡಬೇಡಿ. 1503ರದ್ದು ಮರದ ಚರ್ಚ್, ಅದು ಈಗಿಲ್ಲ. ಇಟ್ಟಿಗೆ-ಗಾರೆಯಲ್ಲಿ ಕಟ್ಟಿ 1516ರಲ್ಲಿ ಮುಗಿಸಿದ್ದು ಸಂತ ಅಂತೋಣಿಯ ಹೆಸರಿನ ಚರ್ಚ್. ಸೇಂಟ್ ಫ್ರಾನ್ಸಿಸ್ ಎಂಬ ಹೆಸರು ಬಂದದ್ದು ಬ್ರಿಟಿಷರ ಆಂಗ್ಲಿಕನ್ನರ (ಇಂಗ್ಲೆಂಡಿನ ಚರ್ಚಿಗೆ ಸೇರಿದವರ) ಕಾಲದಲ್ಲಿ.

1663ರಲ್ಲಿ ಕೊಚ್ಚಿಯನ್ನು ಗೆದ್ದ ಡಚ್ಚರು ಪ್ರೊಟೆಸ್ಟೆಂಟರು, ಅಂದರೆ ಕ್ಯಾಥೊಲಿಕ್ ಪಂಥದಿಂದ ಬೇರೆಯಾದ ಕ್ರೈಸ್ತರು. ಉಳಿದ ಕ್ಯಾಥೊಲಿಕ್ ಚರ್ಚುಗಳನ್ನು ಕೆಡವಿ, ಇದೊಂದನ್ನು ತಮ್ಮ ಆರಾಧನೆಗೆ ಇಟ್ಟುಕೊಂಡರು. ಕಲ್ಲಿನ ಬಲಿಪೀಠ, ಚಿನ್ನದ ಲೇಪದ ಮರದ ಪರದೆಗಳು ಹತ್ತಿರದ ವೈಪಿನ್ ದ್ವೀಪದ ಚರ್ಚಿಗೆ ಹೋದವು. ಆ ಜಾಗಕ್ಕೆ ಪ್ರಭುಭೋಜನದ (ರೊಟ್ಟಿ-ದ್ರಾಕ್ಷಾರಸ ಹಂಚುವ ಆರಾಧನೆಯ) ಮೇಜು ಬಂತು. ನಿಮಗೆ ಕುರುಹು ಕಾಣದಿರುವುದು ಇದರಿಂದಲೇ. ಗೋಡೆ ಉಳಿಯಿತು, ಪೂಜೆಯ ಕ್ರಮವೇ ಬದಲಾಯಿತು. ಮಕ್ಕಳಿಗೆ ಮುಖ್ಯವಾಗಿ ಇದನ್ನೇ ಹೇಳಿ. ಪಶ್ಚಿಮ ಬಾಗಿಲ ಮೇಲಿನ ಫಲಕದಲ್ಲಿ ಡಚ್ಚರು ದುರಸ್ತಿ ಮಾಡಿಸಿದ 1779ನೇ ಇಸವಿ ಇದೆ. ಅದನ್ನು ಕಟ್ಟಿದ ವರ್ಷವೆಂದು ಓದಿಕೊಳ್ಳುವವರಿದ್ದಾರೆ, ಎಚ್ಚರ.

ಉತ್ತರ 2: ಗೋರಿಕಲ್ಲುಗಳ ಬಗ್ಗೆ ಒಂದು ಸೇರ್ಪಡೆ. ಬಲಿಪೀಠವಿದ್ದ ಜಾಗಕ್ಕೆ ಎದುರಾಗಿ ನಿಂತರೆ ಎಡಕ್ಕೆ, ಉತ್ತರದ ಗೋಡೆಯಲ್ಲಿ ಪೋರ್ಚುಗೀಸರವು. ಬಲಕ್ಕೆ, ದಕ್ಷಿಣದಲ್ಲಿ ಡಚ್ಚರವು. ಇವು ಮೊದಲು ನೆಲದಲ್ಲಿದ್ದವು, 1886-87ರ ದುರಸ್ತಿಯಲ್ಲಿ ಗೋಡೆಗೆ ಏರಿದವು. ಹಾಗಾಗಿ ಕಲ್ಲು ಇರುವಲ್ಲೇ ಸಮಾಧಿಯಿದೆ ಎಂದು ಹೇಳಬಾರದು. ವಾಸ್ಕೋ ಡ ಗಾಮನದ್ದೂ ಅಷ್ಟೇ: 1524ರಲ್ಲಿ ಇಲ್ಲಿ ಹೂಳಿದರು, ಸುಮಾರು 14 ವರ್ಷಗಳ ನಂತರ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ದರು. ಈಗ ಇಲ್ಲಿರುವುದು ಗೋರಿಕಲ್ಲು ಮಾತ್ರ.

ಉತ್ತರ 3: ಬ್ರಿಟಿಷರ ಪಾಲಿನಲ್ಲಿ ಎರಡು ಇಸವಿ ಬೆರೆಸಬೇಡಿ. ಊರು ಅವರ ಕೈಸೇರಿದ್ದು 1795ರಲ್ಲಿ, ಡಚ್ಚರು ಚರ್ಚನ್ನು ಆಂಗ್ಲಿಕನ್ನರಿಗೆ ಒಪ್ಪಿಸಿದ್ದು 1804ರಲ್ಲಿ. ನಡುವಿನ ವರ್ಷಗಳಲ್ಲೂ ಡಚ್ ಸಭೆ (ಆರಾಧಕರ ಸಮುದಾಯ) ಇಲ್ಲೇ ಮುಂದುವರಿಯಿತು. ಅವರ ದೀಕ್ಷಾಸ್ನಾನ-ಮದುವೆಗಳ ದಾಖಲೆ ಪುಸ್ತಕ ‘ಡೂಪ್ ಬುಕ್’ 1751ರಿಂದ 1804ರವರೆಗಿನದು, ಇವತ್ತಿಗೂ ಉಳಿದಿದೆ. ಆಸನಗಳ ಮೇಲೆ ತೂಗುವ ಬಟ್ಟೆಯ ಪಂಖಾಗಳನ್ನೂ ತೋರಿಸಿ. ಹೊರಗೆ ನಿಂತವರು ಹಗ್ಗ ಎಳೆದು ಒಳಗಿನವರಿಗೆ ಗಾಳಿ ಬೀಸುತ್ತಿದ್ದರು. 1923ರಿಂದ ಸಂರಕ್ಷಿತ ಸ್ಮಾರಕ, ಜೊತೆಗೆ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಚರ್ಚ್ ಕೂಡ. ಭಾನುವಾರ ಬೆಳಗ್ಗೆ ಆರಾಧನೆ ಇರುತ್ತದೆ, ಬೇರೆ ದಿನ ಹೋಗಿ.