ಸಹಾಯ ಬೇಕು: ಹಿಮದೂರಾಗ ಹುಡುಗಿಗಿ ಪ್ರಪೋಸ್ ಮಾಡ್ಬೇಕು

ಶರಣ್ರೀ ಎಲ್ಲಾರಿಗಿ. ನಾ ಕಲಬುರಗಿಯವ, ಜನವರಿ ಕೊನಿಗಿ ನಾನು ನನ್ನ ಹುಡುಗಿ ಇನ್ನ ನಾಕ್ ಮಂದಿ ದೋಸ್ತರು ಕೂಡಿ ನಾರ್ವೆದ ಟ್ರೋಮ್ಸೋಕ್ಕ ಹೊಂಟೀವಿ, ಅಲ್ಲೇ ಆಕಿಗಿ ಮದಿವಿ ಆಗ್ತಿ ಏನಂತ ಕೇಳ್ಬೇಕಂತ ಅದ, ಆಕಿಗಿ ಇನ್ನ ಸುಳಿವಿಲ್ಲ. ಮೊದ್ಲ ಡಿಸೆಂಬರ್ ಅಂದ್ಕೊಂಡಿದ್ದೆ, ಆದ್ರ ಅಲ್ಲಿ ನವೆಂಬರ್ ಕೊನಿಯಿಂದ ಜನವರಿ ನಡುತನಕ ಸೂರ್ಯನೇ ಹುಟ್ಟಲ್ಲ ನೋಡ್ರಿ, ಫೋಟೋ ಹ್ಯಾಂಗ ಬರ್ತಾವ.

ನಾರ್ದರ್ನ್ ಲೈಟ್ಸ್, ಅಂದ್ರ ರಾತ್ರಿ ಆಕಾಶದಾಗ ಕಾಣೋ ಬಣ್ಣದ ಬೆಳಕು, ಅದರ ಕೆಳಗ ಕೇಳ್ಬೇಕಂತ ಭಾಳ ಆಸಿ, ಮೋಡ ಬಂತಂದ್ರ ಮುಗೀತು, ಏನೂ ಕಾಣಲ್ಲ. ಅದಕ್ಕ ಕೇಬಲ್ ಕಾರ್‌ನಾಗ 421 ಮೀಟರ್ ಮ್ಯಾಲ ಹೋಗಿ ಊರೆಲ್ಲಾ ಕಾಣೋ ಜಾಗದಾಗ ಕೇಳ್ಲೇನು, ಇಲ್ಲಾ ಅಲ್ಲಿನ ಮೂಲನಿವಾಸಿ ಸಾಮಿ (Sámi) ಮಂದಿದು ಹಿಮಸಾರಂಗದ ಗಾಡಿ ಮ್ಯಾಲ ಕುಂತಾಗ ಕೇಳ್ಲೇನು? ದೋಸ್ತರಿಗಿ ಹೇಳಿದ್ರ ಗುಟ್ಟು ಉಳ್ಯಂಗಿಲ್ಲ, ಹೊಟ್ಟ್ಯಾಗ ನೀರು ನಿಲ್ಲಲ್ಲ ಅವಕ್ಕ.

ಇನ್ನೊಂದು ಚಿಂತಿ ಉಂಗುರದ್ದು. ಸರಾಫ್ ಬಜಾರದಾಗ ಮಾಡ್ಸೀನಿ, ಆದ್ರ ಥಂಡಿಗಿ ಬೆರಳು ಸಣ್ಣ ಆಗ್ತಾವಲ್ಲ, ಜಾರಿ ಹಿಮದಾಗ ಬಿದ್ರ ಎಲ್ಲಿ ಹುಡುಕೋದು? ಗ್ಲೌಸ್ ತೆಗೀದೆ ಹಾಕ್ಲಾಕೂ ಆಗಲ್ಲ. ಫೋನ್ ಬ್ಯಾಟರಿನೂ ಥಂಡಿಗಿ ಲಗೂನೇ ಇಳೀತದಂತ, ವಿಡಿಯೋ ಯಾರ್ ಮಾಡ್ಬೇಕು? 43 ಡಿಗ್ರಿ ಬಿಸಲಾಗ ಬೆಳದ ಮಂದಿ ನಾವು, ಇವೆಲ್ಲಾ ಏನ್ ಗೊತ್ತಿರ್ತದ್ರಿ. ಹೋಗಿ ಬಂದ ಅಣ್ಣಗೋಳು ಅಕ್ಕಗೋಳು ಜರಾ ಹೇಳ್ರಿ, ಆಕಿ ಈ ಗ್ರೂಪಿನಾಗಿಲ್ಲ.