ಸಹಾಯ ಬೇಕು: ಕ್ಯಾಮೆರಾದ ಎಕ್ಸ್‌ಪೋಶರ್ ಕಾಂಪನ್ಸೇಷನ್ (ಚಿತ್ರವನ್ನು ಬೇಕೆಂದಷ್ಟು ಬೆಳ್ಳಗೆ ಅಥವಾ ಕಪ್ಪಗೆ ಮಾಡುವ ಹೊಂದಿಕೆ) ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಇಲ್ಲ

ಮೊನ್ನೆ ಮುಳ್ಳಯ್ಯನಗಿರಿಯಲ್ಲಿ ಹಾಲು ಚೆಲ್ಲಿದಂತಹ ಮಂಜು. ನನ್ನ ಚಿತ್ರದಲ್ಲಿ ಮಾತ್ರ ಅದು ಒಲೆಯ ಬೂದಿಯಂತೆ ಬಂದಿತ್ತು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡುಬೂದು ಬಣ್ಣಕ್ಕೆ ಎಳೆಯುತ್ತದೆ ಎಂದು ಓದಿದ್ದೆ. ಅಪರ್ಚರ್ ಪ್ರಯಾರಿಟಿಯಲ್ಲಿ (ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ನಾನು ಆರಿಸುವುದು; ಶಟರ್ ವೇಗ ಕ್ಯಾಮೆರಾ ಆರಿಸುವುದು) ಕಾಂಪನ್ಸೇಷನ್ +1 ಇಟ್ಟೆ. ಶಟರ್ 1/500 ಸೆಕೆಂಡಿನಿಂದ 1/250ಕ್ಕೆ ಇಳಿದು ಮಂಜು ಬೆಳ್ಳಗಾಯಿತು. ಆ ಸಂತೋಷದಲ್ಲಿ ಚಳಿಯೇ ಮರೆತುಹೋಯಿತು!

ತೊಡಕು ಬಂದದ್ದು ಬೇಲೂರಿನಲ್ಲಿ. ಗುಡಿಯೊಳಗಿನ ಕಪ್ಪು ಕಲ್ಲು ಮಾಸಲು ಬೂದಿಯಾಗದಿರಲೆಂದು ಮ್ಯಾನುಯಲ್‌ನಲ್ಲಿ (ಅಪರ್ಚರ್, ಶಟರ್ ಎರಡೂ ನಾನೇ ಆರಿಸುವುದು) -1 ಇಟ್ಟೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 1600ಕ್ಕೆ ನಿಲ್ಲಿಸಿದ್ದೆ. ಮೀಟರಿನ ಗುರುತು ಸರಿಯಿತು, ಚಿತ್ರ ಕಿಂಚಿತ್ತೂ ಬದಲಾಗಲಿಲ್ಲ. -2 ಇಟ್ಟರೂ ಅಷ್ಟೇ. ಐಎಸ್‌ಒ ಆಟೊ ಮಾಡಿದೊಡನೆ ಕೆಲಸ ಮಾಡಿತು. ಕೈಪಿಡಿಯನ್ನು ಎರಡು ಬಾರಿ ಓದಿದರೂ ಬಿಡಿಸಲಾಗಲಿಲ್ಲ.

ಅಪರ್ಚರ್, ಶಟರ್, ಐಎಸ್‌ಒ ಮೂರನ್ನೂ ನಾನೇ ಹಿಡಿದಿಟ್ಟಾಗ ಕಾಂಪನ್ಸೇಷನ್ ಮೀಟರಿನ ಸೊನ್ನೆಯನ್ನಷ್ಟೇ ಸರಿಸುತ್ತದೆಯೇ? ಹಾಗಾದರೆ ಶಿಲ್ಪಗಳಿಗೆ ಶಟರನ್ನು ನಾನೇ ಒಂದು ಸ್ಟಾಪ್ (ಅಂದರೆ ಬೆಳಕು ಅರ್ಧವಾಗುವಷ್ಟು) ವೇಗವಾಗಿಸಬೇಕೇ?