ಮಧುನಾಶಿನಿಯ ಜಿಮ್ನೆಮಿಕ್ ಆಮ್ಲ: ಸಕ್ಕರೆ ಇಳಿದರೆ ಕಾರಣ ಇನ್ಸುಲಿನ್ನೇ?

ಪ್ರಶ್ನೆ (ಎಂ.ಫಾರ್ಮ್ ವಿದ್ಯಾರ್ಥಿನಿ):
ಸ್ಟ್ರೆಪ್ಟೊಜೊಟೊಸಿನ್ (ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುವ ರಾಸಾಯನಿಕ) ಚುಚ್ಚಿ ಮಧುಮೇಹ ಬರಿಸಿದ ವಿಸ್ಟಾರ್ ತಳಿಯ ಪ್ರಯೋಗಾಲಯದ ಇಲಿಗಳಿಗೆ, ಮಧುನಾಶಿನಿ ಎಲೆಯಿಂದ ಬೇರ್ಪಡಿಸಿದ ಜಿಮ್ನೆಮಿಕ್ ಆಮ್ಲಗಳನ್ನು 28 ದಿನ ಬಾಯಿಯ ಮೂಲಕ ಕೊಟ್ಟು, ವಾರಕ್ಕೊಮ್ಮೆ ಉಪವಾಸದ ಸಕ್ಕರೆ ಅಳೆಯುವ ಯೋಜನೆ ಇದೆ. ಸಕ್ಕರೆ ಇಳಿದರೆ ಇನ್ಸುಲಿನ್ ಹೆಚ್ಚಿತೆಂದು ಬರೆಯಬಹುದೇ? ಹೋಲಿಕೆಗೆ, ಮಧುಮೇಹದ ಮದ್ದಾದ ಗ್ಲಿಬೆನ್‌ಕ್ಲಮೈಡ್ ಗುಂಪೊಂದೇ ಸಾಕೇ?

ಉತ್ತರ 1:
ಬರೆಯಲಾಗದು. ಈ ಆಮ್ಲಗಳು ಸಣ್ಣಕರುಳಿನಲ್ಲಿ ಗ್ಲೂಕೋಸ್ ಹೀರಿಕೆಯನ್ನೂ ತಗ್ಗಿಸಬಲ್ಲವು. ಉಪವಾಸದ ಸಕ್ಕರೆಯೊಂದನ್ನೇ ನೋಡಿದರೆ ಕೆಲಸ ನಡೆದದ್ದು ಕರುಳಿನಲ್ಲೋ ಮೇದೋಜೀರಕ ಗ್ರಂಥಿಯಲ್ಲೋ ತಿಳಿಯುವುದಿಲ್ಲ. ಗ್ಲೂಕೋಸ್ ಸಹನಾ ಪರೀಕ್ಷೆಯನ್ನು (ಗ್ಲೂಕೋಸ್ ಕೊಟ್ಟು ರಕ್ತದ ಸಕ್ಕರೆ ಹೇಗೆ ಏರಿ ಇಳಿಯುತ್ತದೆಂದು ನೋಡುವುದು) ಒಮ್ಮೆ ಬಾಯಿಯ ಮೂಲಕ, ಇನ್ನೊಮ್ಮೆ ಕರುಳಿನ ಹೀರಿಕೆ ತಪ್ಪುವಂತೆ ಹೊಟ್ಟೆಯ ಪೊರೆಯೊಳಕ್ಕೆ ಚುಚ್ಚಿ ಮಾಡಿ. ಮೊದಲನೆಯದರಲ್ಲಿ ಮಾತ್ರ ಪರಿಣಾಮ ಕಂಡರೆ ಅನುಮಾನ ಕರುಳಿನ ಮೇಲೆ. ಎರಡರಲ್ಲೂ ಕಂಡರೆ ಸೀರಮ್ ಇನ್ಸುಲಿನ್ ಅಳತೆಗೂ ಗ್ರಂಥಿಯ ಅಂಗಾಂಶ ಪರೀಕ್ಷೆಗೂ ಅರ್ಥ ಬರುತ್ತದೆ.

ಗ್ಲಿಬೆನ್‌ಕ್ಲಮೈಡ್ ಉಳಿದ ಬೀಟಾ ಕೋಶಗಳಿಂದ ಇನ್ಸುಲಿನ್ ಹೊರಡಿಸುವ ಮದ್ದು. ಸ್ಟ್ರೆಪ್ಟೊಜೊಟೊಸಿನ್ ಪ್ರಮಾಣ ಹೆಚ್ಚಿ ಆ ಕೋಶಗಳೇ ನಾಶವಾಗಿದ್ದರೆ ಅದೇ ಸೋಲುತ್ತದೆ, ನಿಮ್ಮ ಹೋಲಿಕೆ ಕೆಡುತ್ತದೆ. ಟೈಪ್ 2 ಮಧುಮೇಹದ ಮಾತಾದರೆ, ಕೊಬ್ಬಿನ ಆಹಾರ ತಿನ್ನಿಸಿ ಆ ಬಳಿಕ ಕಡಿಮೆ ಪ್ರಮಾಣದ ಸ್ಟ್ರೆಪ್ಟೊಜೊಟೊಸಿನ್ ಚುಚ್ಚುವ ಮಾದರಿ ಹತ್ತಿರವಾದೀತು. ಅಲ್ಲಿ ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮದ್ದು ಹೋಲಿಕೆಗೆ ಒಳ್ಳೆಯ ಜೋಡಿ. ಅಂದ ಹಾಗೆ, ಅದರ ಮೂಲಸುಳಿವೂ ಸಸ್ಯವೇ: ಗಲೇಗ ಅಫಿಸಿನಾಲಿಸ್ ಗಿಡದ ಗಲೇಜಿನ್.

ಉತ್ತರ 2:
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಈ ಎಲೆಯನ್ನು ಅಗಿದು ಸಕ್ಕರೆ ಹಾಕಿಕೊಂಡರೆ ಬಾಯಿಗೆ ಮರಳಿನಂತೆ ತೋರುತ್ತದೆ, ನಾಲಗೆಯ ಸಿಹಿಗ್ರಾಹಕಗಳನ್ನು ಅದು ತಡೆಯುತ್ತದೆ. ಕೊಳವೆಯಿಂದ ಹೊಟ್ಟೆಗೆ ಕೊಟ್ಟಾಗ ನಾಲಗೆಯ ಪಾಲು ಕಡಿಮೆಯೇ; ಆದರೂ ಇಲಿ ತಿಂದ ಆಹಾರವನ್ನು ದಿನವೂ ತೂಗದೆ ಹೋದರೆ, ಹಸಿವು ಕುಗ್ಗಿ ಸಕ್ಕರೆ ಇಳಿಯಿತೆಂದು ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಸಾಧ್ಯವಾದರೆ ಅಷ್ಟೇ ಆಹಾರ ಕೊಟ್ಟ, ಮದ್ದಿಲ್ಲದ ಮಧುಮೇಹಿ ಗುಂಪೊಂದಿರಲಿ.

ಉತ್ತರ 3:
ಪ್ರಯೋಗಾಲಯದ ಕಷ್ಟವೂ ಗಮನದಲ್ಲಿರಲಿ. ಸ್ಟ್ರೆಪ್ಟೊಜೊಟೊಸಿನ್ ದ್ರಾವಣದಲ್ಲಿ ಬೇಗ ಹಾಳಾಗುತ್ತದೆ, ಪಿಎಚ್ 4.5ರ ತಣ್ಣನೆಯ ಸಿಟ್ರೇಟ್ ಬಫರಿನಲ್ಲಿ ಕರಗಿಸಿದ ಕೂಡಲೇ ಚುಚ್ಚಿ. ಬೀಟಾ ಕೋಶಗಳು ಒಡೆದು ಇನ್ಸುಲಿನ್ ಒಮ್ಮೆಲೇ ಸುರಿದರೆ ಇಲಿಗಳು ಸಕ್ಕರೆ ಕುಸಿದು ಸಾಯಬಹುದು, ಆದ್ದರಿಂದ ಆ ರಾತ್ರಿ ಗ್ಲೂಕೋಸ್ ನೀರಿಡಿ. ಇನ್ನು, ಜಿಮ್ನೆಮಿಕ್ ಆಮ್ಲಗಳು ಸಪೋನಿನ್‌ಗಳು (ಸಾಬೂನಿನಂಥ ಸಸ್ಯದ್ರವ್ಯಗಳು), ಕುಲುಕಿದರೆ ನೊರೆಯೇಳುತ್ತದೆ. ಸಿರಿಂಜಿನಲ್ಲಿ ಗುಳ್ಳೆ ಸೇರಿದರೆ ಪ್ರಮಾಣ ತಪ್ಪುತ್ತದೆ.

ಪ್ರಶ್ನಿಸಿದವರು:
ಧನ್ಯವಾದಗಳು. ಹಾಗಾದರೆ ಪ್ರಾಣಿಪ್ರಯೋಗದ ನೈತಿಕ ಸಮಿತಿಗೆ ಕೊಡುವ ಅರ್ಜಿಯಲ್ಲಿ ಎರಡೂ ಬಗೆಯ ಸಹನಾ ಪರೀಕ್ಷೆ ಮತ್ತು ಮೆಟ್‌ಫಾರ್ಮಿನ್ ಗುಂಪನ್ನು ಸೇರಿಸುತ್ತೇನೆ. ಇಲಿಗಳ ಸಂಖ್ಯೆ ಹೆಚ್ಚುವುದರಿಂದ, ಕಾರಣವನ್ನು ಸಮಿತಿಗೆ ಬಿಡಿಸಿ ಬರೆಯಬೇಕಾಗುತ್ತದೆ.